ಜಯಕ್ಕನ ಬ್ಯಾಗು

ಜಯಕ್ಕನ ಕಾಲು ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಅಪರೂಪ. ದಾರ ಮುಗಿದಿದ್ದರೂ, ಮಡಿಲಲ್ಲಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರೂ, ಒಂದು ಪಾದ ಮಾತ್ರ ಹೊಲಿಗೆ ಮಿಷನ್ನಿನ ಪೆಡಲ್ ತುಳಿಯುತ್ತಲೇ ಇರುತ್ತಿತ್ತು. ಸದ್ದು ನಿಂತರೆ ಒಳಕೋಣೆಯಿಂದ ಕೂಗು ಬರುತ್ತಿತ್ತು: “ಜಯಾ, ಎಲ್ಲೋದ್ಯೇ?”

ಕೂಗುತ್ತಿದ್ದವರು ಅವರ ಅತ್ತೆ. ಕಣ್ಣು ಪೂರ್ತಿ ಹೋಗಿತ್ತು. ಹಿಂದೊಮ್ಮೆ ಸೊಸೆ ಅಂಗಡಿಗೆ ಹೋಗಿದ್ದಾಗ ಮಂಚದಿಂದ ಬಿದ್ದು, ಎತ್ತುವವರಿಲ್ಲದೆ ನೆಲದಲ್ಲೇ ಇದ್ದರಂತೆ. ಅಂದಿನಿಂದ ಮಿಷನ್ ಸದ್ದು ಕೇಳುತ್ತಿದ್ದರೆ ಮಾತ್ರ ಆ ಅಜ್ಜಿಗೆ ಧೈರ್ಯ. ಜಯಕ್ಕನ ಗಂಡ ಲಾರಿ ಓಡಿಸುತ್ತಿದ್ದ ಪುಣ್ಯಾತ್ಮ. ಮನೆಗೆ ಬಂದರೆ ಉಂಡು ಮಲಗುತ್ತಿದ್ದ, ಎದ್ದರೆ ಹೊರಡುತ್ತಿದ್ದ. ತಾಯಿಯನ್ನು ಒಂದು ದಿನ ನೋಡಿಕೊಳ್ಳಬಹುದು ಎಂಬುದು ಅವನ ತಲೆಗೆ ಹೊಳೆದಿರಲೇ ಇಲ್ಲ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹೊಳೆನರಸೀಪುರದಲ್ಲಿ ಅವರ ಮನೆಯ ಮಹಡಿ ಮೇಲೆ ನಾವು ಬಾಡಿಗೆಗಿದ್ದೆವು. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನು ಹೊಲಿಗೆ ಕಲಿಯಲು ಕೆಳಗಿಳಿದೆ. ಮೊದಲು ಹೊಲಿದದ್ದು ಒಂದು ಕೈಚೀಲ. ಜಾಣೆ ಅನ್ನಿಸಿಕೊಳ್ಳಬೇಕೆಂದು ಒಳಗಿನ ಅಸ್ತರನ್ನು ಸುತ್ತಲೂ ಬಿಗಿಯಾಗಿ ಹೊಲಿದುಬಿಟ್ಟೆ. ಚೀಲವನ್ನು ಮಗುಚಿ ಹೊರಗೆ ತೆಗೆಯಲು ಜಾಗವೇ ಇರಲಿಲ್ಲ. ಜಯಕ್ಕ ನಕ್ಕು ಹೊಲಿಗೆ ಬಿಚ್ಚಿದರು. “ತಿರುವಾಕೆ ದಾರಿ ಬುಡ್ಬೇಕು ಕಣಮ್ಮಿ. ಇಲ್ದಿದ್ರೆ ಚೆಂದ ಎಲ್ಲಾ ಒಳಗೇ ಉಳ್ಕತದೆ.”

ನನ್ನ ಮೊಬೈಲಿನಲ್ಲಿ ಅವರು ಆ ಬ್ಯಾಗನ್ನು ನೋಡಿದ್ದು ಒಂದು ಮಧ್ಯಾಹ್ನ. ಯಾವುದೋ ಹೊರದೇಶದ ದೊಡ್ಡ ಕಂಪನಿಯದು. ಕೆಳಗೆ ಅಗಲ, ಮೇಲೆ ಕಿರಿದು, ಮುಂದಕ್ಕೆ ಮಡಚಿದ ಮುಚ್ಚಳ, ನಡುವೆ ಹಿತ್ತಾಳೆಯ ಕೊಂಡಿ. ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಬೆಲೆ ಕೇಳಲಿಲ್ಲ, ಹೊಲಿಗೆ ಎಲ್ಲಿ ಶುರುವಾಗಿದೆ ಎಂದು ಕೇಳಿದರು. ಅಳತೆ ಗೊತ್ತಾಗಬೇಕಲ್ಲ? ಚಿತ್ರದಲ್ಲಿ ಬ್ಯಾಗು ಹಿಡಿದಿದ್ದ ಹೆಂಗಸಿನ ಅಂಗೈಗೆ ತಮ್ಮ ಅಂಗೈ ಸಮವೆಂದು ಲೆಕ್ಕ ಹಾಕಿ, ಪೇಪರ್ ಕತ್ತರಿಸಿ ಹೊಲಿದರು. ಎಲೆಅಡಿಕೆ ಚೀಲದಷ್ಟಾಯಿತು. ಅವಳ ಕೈ ಇವರದಕ್ಕಿಂತ ಅದೆಷ್ಟು ಉದ್ದವೋ!

ಎರಡನೆಯದು ಸರಿ ಬಂತು. ಆಟೋ ಸೀಟು ಹೊಲಿಯುವವರಿಂದ ತರಿಸಿದ ಕೆಂಪು ರೆಕ್ಸಿನ್ ತುಂಡು, ಗಟ್ಟಿ ನಿಲ್ಲಲು ಒಳಗೆ ಹಳೆಯ ಲಗ್ನಪತ್ರಿಕೆಗಳ ರಟ್ಟು, ಅಸ್ತರಿಗೆ ಅವರ ಧಾರೆಸೀರೆಯ ಹರಿದ ಸೆರಗು. ತವರಿನಿಂದ ತಂದ ಟ್ರಂಕಿನ ಕೊಂಡಿಯನ್ನೇ ಕಿತ್ತು ಮುಂದೆ ಕೂರಿಸಿದರು. ಕಂಪನಿಯ ಗುರುತನ್ನೂ ಹೊಲಿಯಿರಿ ಎಂದೆ. “ಅವರೆಸ್ರು ನಾನ್ಯಾಕಮ್ಮಿ ಆಕ್ಲಿ? ಹೊಲ್ದೋಳು ನಾನು,” ಎಂದರು.

ಬ್ಯಾಗೇನೋ ಆಯಿತು, ತೆಗೆದುಕೊಂಡು ಹೋಗುವುದೆಲ್ಲಿಗೆ? ನಡುಮನೆಯ ಮೊಳೆಗೆ ನೇತುಹಾಕಿದ್ದರು. ನನಗೇ ತಡೆಯಲಾಗದೆ ಫೋಟೋ ತೆಗೆದು ಹಾಸನದ ಒಂದು ಬ್ಯಾಗಿನ ಅಂಗಡಿಗೆ ಕಳಿಸಿದೆ. ಅಂಗಡಿಯ ಯಜಮಾನಿ, ಹೊಲಿದವರೇ ಬ್ಯಾಗು ತರಲಿ, ಕೈಕೆಲಸ ನೋಡಬೇಕು, ಹಿಡಿಸಿದರೆ ಇಲ್ಲೇ ಕೆಲಸಕ್ಕಿಟ್ಟುಕೊಳ್ಳುತ್ತೇನೆ ಎಂದರು. ಜಯಕ್ಕ ಆ ಮಾತನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡರು. ಆಮೇಲೆ ಒಳಕೋಣೆಯ ಕಡೆ ನೋಡಿ, ಮೆಲ್ಲಗೆ ನನ್ನನ್ನು ಮಿಷನ್ ಮುಂದೆ ಕೂರಿಸಿದರು. ತುಳಿಯುತ್ತಿದ್ದರೆ ಸಾಕು ಎಂದು ಸನ್ನೆ ಮಾಡಿ, ಕೆಂಪು ಬ್ಯಾಗು ಹೆಗಲಿಗೇರಿಸಿ ಹಾಸನದ ಬಸ್ಸಿಗೆ ಹೊರಟೇಬಿಟ್ಟರು.

ಸೂಜಿಗೆ ದಾರವಿಲ್ಲದೆ ನಾನು ತುಳಿಯುತ್ತಾ ಕೂತೆ. ಮೀನಖಂಡ ಸೆಳೆಯತೊಡಗಿತು. ಎದ್ದು ನೀರು ಕುಡಿಯುವಂತಿಲ್ಲ, ಕೆಮ್ಮುವಂತಿಲ್ಲ. ಈ ಹೆಂಗಸು ಇಷ್ಟು ವರ್ಷ ಹೇಗೆ ಕೂತಳಪ್ಪಾ ಎಂದು ಅಳುವೇ ಬಂತು. ಅಷ್ಟರಲ್ಲಿ ಒಳಗಿನಿಂದ ಮಾತು ಕೇಳಿಸಿತು.

“ಜಯ ಇಂಗೆ ತುಳಿಯಾಕಿಲ್ಲ. ಯಾರವ್ವ ನೀನು?”

ಕಾಲು ನಿಲ್ಲಿಸದೆಯೇ ಹೆಸರು ಹೇಳಿದೆ, ಹಾಸನದ ಸಂಗತಿಯನ್ನೂ ಹೇಳಿದೆ.

“ಬತ್ತಾಳಾ?”

“ಬರ್ತಾರೆ ಅಜ್ಜಿ.”

“ಅಂಗಾದ್ರೆ ತುಳಿ. ಸದ್ದು ನಿಂತ್ರೆ ನಂಗೆ ದಿಗಿಲಾಯ್ತದೆ.”

ಜಯಕ್ಕ ಸಂಜೆಯೊಳಗೆ ಬಂದರು, ಬರಿಗೈಯಲ್ಲಿ. ಬ್ಯಾಗನ್ನು ಅಂಗಡಿಯ ಗಾಜಿನೊಳಗೆ ಇಟ್ಟುಕೊಂಡಿದ್ದರಂತೆ. ದಿನಾ ಬಂದು ಹೊಲಿಯುವುದಾದರೆ ನಾಳೆಯಿಂದಲೇ ಕೆಲಸ ಎಂದಿದ್ದರಂತೆ. ಇದನ್ನು ಹೇಳುವಾಗ ಅವರ ಮುಖದಲ್ಲಿದ್ದ ಕಳೆಯನ್ನು ನಾನು ಮತ್ತೆಂದೂ ನೋಡಲಿಲ್ಲ. ಒಳಗೆ ಹೋಗಿ ಅತ್ತೆಗೆ ಕಾಫಿ ಕುಡಿಸಿ ಅವರ ಸೀರೆ ಬದಲಿಸಿದರು, ಬಂದು ನನ್ನನ್ನು ಎಬ್ಬಿಸಿ ತಾವು ಕೂತರು. ನಾನು ಅಲ್ಲಿದ್ದಷ್ಟು ದಿನ ಹಾಸನದ ಮಾತು ಮತ್ತೆ ಎತ್ತಲಿಲ್ಲ.

ನಾನು ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಬಂದೆ. ಹೋದ ವರ್ಷ ಅಜ್ಜಿ ತೀರಿಕೊಂಡ ಸುದ್ದಿ ತಿಳಿದು, ತಿಥಿ ಕಳೆದ ಮೇಲೆ ನೋಡಿಬರಲು ಹೋದೆ. ಬೀದಿಯಲ್ಲೇ ಮಿಷನ್ ಸದ್ದು ಕೇಳಿಸಿತು. ಮಂಚ ಖಾಲಿ, ಹಾಸಿಗೆ ಸುತ್ತಿಟ್ಟಿತ್ತು. ಹಾಸನದವರು ಈಗಲೂ ಫೋನು ಮಾಡಿ ಕರೆಯುತ್ತಾರೆಂದು ಜಯಕ್ಕ ತಾವಾಗಿಯೇ ಹೇಳಿದರು.

“ಈಗ ಹೋಗಬಹುದಲ್ಲಕ್ಕ,” ಎಂದೆ.

ಅವರು ಪೆಡಲಿನಿಂದ ಕಾಲು ತೆಗೆದರು. ಮನೆ ಇಷ್ಟೊಂದು ನಿಶ್ಶಬ್ದವಾಗಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಜಯಕ್ಕ ಕತ್ತು ಓರೆ ಮಾಡಿ ಒಳಕೋಣೆಯ ಕಡೆ ಕಿವಿಗೊಟ್ಟರು. ನಾನೂ ಕಾದೆ. ಯಾರೂ ಕೂಗಲಿಲ್ಲ.

“ಸದ್ದು ನಿಂತ್ರೆ ನಂಗೇ ದಿಗಿಲಾಯ್ತದೆ ಕಣಮ್ಮಿ,” ಎಂದು ಮತ್ತೆ ತುಳಿಯತೊಡಗಿದರು. ಸೂಜಿಯಲ್ಲಿ ದಾರವಿರಲಿಲ್ಲ.