ಎರಡು ಲೈನಿನ ಚಾಚಾ

ಅವರ ಮುಂದಿನ ಹಲ್ಲೊಂದರಲ್ಲಿ ಜೀರಿಗೆ ಗಾತ್ರದ ಒಂದು ಕಚ್ಚು ಇತ್ತು. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದಷ್ಟು ಕಾಲ ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ತಂತಿ ಹಿಡಿದು, ತಂತಿಯ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಸುಲಿದು ಆದ ಗುರುತು ಅದು. ‘ಸ’ ಇರುವ ಮಾತೆಲ್ಲ ಆ ಕಚ್ಚಿನಿಂದ ಸಣ್ಣ ಸಿಳ್ಳೆಯಾಗಿ ಹೊರಬರುತ್ತಿತ್ತು. “ಸಿಗ್ನಲ್ ಸರಿಯಾಯ್ತು” ಎಂದರೆ ಎರಡು ಸಿಳ್ಳೆ.

ನಿವೃತ್ತರಾದ ಮೇಲೆ ಅವರು ಬಾಗಲಗುಂಟೆಯಲ್ಲಿ ನಮ್ಮ ಪಕ್ಕದ ಮನೆಗೆ ಬಂದರು. ರಸ್ತೆಯವರಿಗೆಲ್ಲ ಲೈನ್‌ಮನ್ ಸಾಬ್ರು, ನನಗೆ ಚಾಚಾ. ಆ ಸಿಳ್ಳೆಯನ್ನು ಎಂದೂ ಕೇಳದವಳು ನಮ್ಮ ಅಮ್ಮ ಮಾತ್ರ. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ತುಟಿ ನೋಡಿ ಮಾತು ಹಿಡಿಯುತ್ತಾಳೆ. ಆದರೆ ಚಾಚಾ ಆಡಿದ ಮಾತು ಸಿಕ್ಕಷ್ಟು ಸಲೀಸಾಗಿ ಅವಳಿಗೆ ಬೇರೆ ಯಾರ ಮಾತೂ ಸಿಗುತ್ತಿರಲಿಲ್ಲ. ಗೊರಗೊರ ಎನ್ನುವ ಲೈನುಗಳಲ್ಲಿ ವರ್ಷಾನುಗಟ್ಟಲೆ ಅಕ್ಷರ ಅಕ್ಷರ ಬಿಡಿಸಿ ಕೂಗಿದ ಬಾಯಿ ಅದು. ಕಾಂಪೌಂಡಿನ ಆಚೆಯಿಂದ “ಊ-ಟ ಆ-ಯ್ತಾ ಬೆಹೆನ್?” ಎಂದು ಅವರು ಕೇಳಿದರೆ ಅಮ್ಮ ಥಟ್ಟನೆ ತಲೆಯಾಡಿಸುತ್ತಿದ್ದಳು. ಅವರ ಹೆಂಡತಿ, ನಮ್ಮ ಚಾಚಿ, ಒಳಗಿನಿಂದ ನಗುತ್ತಿದ್ದರು: “ಶುರು ಆಯ್ತು ನೋಡಿ ಟ್ರಂಕ್ ಕಾಲು!”

ರಸ್ತೆಯಲ್ಲಿ ಚಾಚಾ ಎಂದೂ ಕೆಳಗೆ ನೋಡಿ ನಡೆದವರಲ್ಲ. ಕಂಬದಿಂದ ಕಂಬಕ್ಕೆ ಕಣ್ಣು ಹಾಯಿಸುತ್ತ, ಜೋತುಬಿದ್ದ ಕೇಬಲ್ಲುಗಳನ್ನು ಬೈಯುತ್ತ ಹಾಲು ತರಲು ಹೋಗುತ್ತಿದ್ದರು. ಎರಡು ಸಲ ಚರಂಡಿಗೂ ಕಾಲಿಟ್ಟಿದ್ದಾರೆ.

ಅಮ್ಮನಿಂದ ಕಲಿತ ಸನ್ನೆ ಭಾಷೆಯೇ ನನ್ನ ಕಸುಬು. ಕಿವಿ ಕೇಳದವರು ಆಸ್ಪತ್ರೆಗೋ ಬ್ಯಾಂಕಿಗೋ ಹೋದಾಗ ಅಲ್ಲಿನವರು ನನಗೆ ವಿಡಿಯೋ ಕರೆ ಮಾಡುತ್ತಾರೆ. ಅವರ ಮಾತನ್ನು ನಾನು ಸನ್ನೆ ಮಾಡುತ್ತೇನೆ, ಇವರ ಸನ್ನೆಯನ್ನು ಮಾತು ಮಾಡುತ್ತೇನೆ. ಒಮ್ಮೆ ಕಣ್ಣಿನ ಆಸ್ಪತ್ರೆಯಲ್ಲಿದ್ದ ಒಬ್ಬ ಹಿರಿಯರಿಗೆ ಔಷಧಿ ಹಾಕಿಕೊಳ್ಳುವ ಕ್ರಮ ತಿಳಿಸುತ್ತಿದ್ದಾಗ ನಮ್ಮ ಇಂಟರ್ನೆಟ್ ಹೋಯಿತು. ಮನೆಯೊಳಗೆ ಮೊಬೈಲಿಗೂ ಸಿಗ್ನಲ್ ಇಲ್ಲ. ಆ ಹಿರಿಯರು ಡಾಕ್ಟರ ಮುಂದೆ ಸುಮ್ಮನೆ ತಲೆಯಾಡಿಸಿ ಮನೆಗೆ ಹೋದರಂತೆ. ಎರಡು ಸೀಸೆ ಅದಲುಬದಲಾಗಿ, ವಾರವಿಡೀ ಕಣ್ಣು ಉರಿಸಿಕೊಂಡರು. ಸುದ್ದಿ ತಿಳಿದ ದಿನ ನನಗೆ ಅನ್ನ ಸೇರಲಿಲ್ಲ.

ಮರುದಿನವೇ ಇನ್ನೊಂದು ಕಂಪನಿಯ ಬ್ರಾಡ್‌ಬ್ಯಾಂಡ್ ಹಾಕಿಸಿದೆ. ಬಂದವರು ಹೊಸ ರೌಟರನ್ನು ಹಳೆಯದಕ್ಕೆ ಒಂದು ತಂತಿಯಿಂದ ಸಿಕ್ಕಿಸಿ, “ಈಗ ಡಬಲ್ ಆಯ್ತು ಮೇಡಂ” ಎಂದು ಹೇಳಿ ಹೋದರು. ಡಬಲ್ ಆದದ್ದು ತೊಂದರೆ. ಫೋನ್ ಸೇರಿದರೆ ಲ್ಯಾಪ್‌ಟಾಪ್ ಸೇರದು, ಲ್ಯಾಪ್‌ಟಾಪ್ ಸೇರಿದರೆ ಎರಡು ನಿಮಿಷಕ್ಕೆ ಬಿಟ್ಟುಹೋಗುವುದು. ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದನ್ನು ಕಿಟಕಿಯಿಂದ ನೋಡಿ ಚಾಚಾ ಒಳಗೆ ಬಂದರು.

“ಇದು ನನ್ ಕಾಲದ್ದಲ್ಲ ಬೇಟಿ. ನಂದು ತಾಮ್ರದ ತಂತಿ. ಆದ್ರೂ ಲೈನಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕೋದು ಗೊತ್ತು. ಮೊದ್ಲು ಎಲ್ಲಾ ಬಿಚ್ಚಿಬಿಡು.”

ಎಲ್ಲ ಬಿಚ್ಚಿದೆವು. ಒಂದೊಂದನ್ನೇ ಹಾಕಿ ನೋಡಿದೆವು. ಬೇರೆ ಬೇರೆಯಾಗಿ ಎರಡೂ ಚೆನ್ನಾಗಿದ್ದವು, ಒಟ್ಟಿಗೆ ಇಟ್ಟರೆ ಜಗಳ. ಚಾಚಾ ಎರಡೂ ರೌಟರುಗಳನ್ನು ಬೋರಲು ಹಾಕಿ, ತಳದಲ್ಲಿ ಅಂಟಿಸಿದ್ದ ಚೀಟಿಗಳನ್ನು ಕನ್ನಡಕ ಏರಿಸಿ ಇಳಿಸಿ ಓದಿದರು. ಮೂರು ದಿನ ಅವರಿವರನ್ನು ಕೇಳಿ, ಫೋನಿನಲ್ಲಿ ವಿಡಿಯೋ ನೋಡಿ, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು ಬಂದರು.

“ಸಿಕ್ತು! ಎರಡು ಡಬ್ಬಿಗೂ ಒಂದೇ ಅಡ್ರೆಸ್ಸು. ಎರಡೂ ‘ನಾನೇ ಯಜಮಾನ’ ಅಂತ ಮನೇಲಿರೋ ಮಿಷನ್ನುಗಳಿಗೆಲ್ಲ ನಂಬರ್ ಹಂಚ್ತಾ ಇವೆ. ನಿನ್ ಫೋನು ಯಾರ್ ಮಾತು ಕೇಳ್ಬೇಕು, ಪಾಪ?”

ಪರಿಹಾರವನ್ನೂ ಅವರೇ ಹುಡುಕಿದ್ದರು. ಎರಡು ಕಂಪನಿಗಳ ಲೈನೂ ಬಂದು ಸೇರುವ ಇನ್ನೊಂದು ಪೆಟ್ಟಿಗೆ. ಮನೆಯೊಳಗೆ ಯಜಮಾನಿಕೆ ಅದೊಂದಕ್ಕೇ. ಒಂದು ಲೈನು ಸತ್ತರೆ ಅದು ತಾನಾಗಿಯೇ ಇನ್ನೊಂದರಲ್ಲಿ ಕೆಲಸ ಮುಂದುವರಿಸುತ್ತದೆ. ಕರೆಂಟು ಹೋದರೂ ನಡೆಯಲಿ ಎಂದು ಮೂರಕ್ಕೂ ಬ್ಯಾಟರಿ ಹಾಕಿಸಿದರು. ಆಮೇಲೆ ಅಮ್ಮನನ್ನು ಪೆಟ್ಟಿಗೆಯ ಮುಂದೆ ಕೂರಿಸಿ, ಒಂದೊಂದೇ ತಂತಿ ಕಿತ್ತು ಪರೀಕ್ಷೆ ಮಾಡಿದರು. ದೀಪ ಆರಿದ್ದನ್ನು, ಪಕ್ಕದ್ದು ಹತ್ತಿದ್ದನ್ನು ಅಮ್ಮನಷ್ಟು ಬೇಗ ಯಾರೂ ಹಿಡಿಯುತ್ತಿರಲಿಲ್ಲ. “ಇಲಾಖೇಲಿ ನನಗೆ ಇಂಥಾ ಅಸಿಸ್ಟೆಂಟ್ ಸಿಗ್ಲೇ ಇಲ್ಲ” ಎಂದರು.

ಮುಗಿಯಿತು ಎಂದುಕೊಂಡೆ. ಅವರು ನನ್ನನ್ನು ಬಾಗಿಲ ಹೊರಗೆ ಕರೆದುಕೊಂಡು ಹೋಗಿ ಮೇಲೆ ತೋರಿಸಿದರು. ಎರಡು ಕೇಬಲ್ಲೂ ಮನೆ ಮುಂದಿನ ಒಂದೇ ಕಂಬದಿಂದ ಜೋಡಿಯಾಗಿ ಬರುತ್ತಿದ್ದವು. ಹೊಸ ಕಂಪನಿಯವರನ್ನು ಮತ್ತೆ ಕರೆಸಿದೆವು.

“ಈ ಕಂಬ ಹತ್ರ ಇದೆ ಸಾರ್. ಹಿಂದಿನ ಕ್ರಾಸಿಂದ ತಂದ್ರೆ ಕೇಬಲ್ ಜಾಸ್ತಿ ಹಿಡಿಯುತ್ತೆ” ಎಂದು ಬಂದವರು ರಾಗ ಎಳೆದರು.

“ನೋಡು ಗುರು, ಒಂದೇ ಕಂಬದ ಮೇಲೆ ಬಂದ್ರೆ ಅದು ಎರಡು ಲೈನಲ್ಲ. ಒಂದೇ ಲೈನು, ಎರಡು ಬಿಲ್ಲು. ಈ ಕಂಬಕ್ಕೆ ಲಾರಿ ಗುದ್ದಿದ್ರೆ ಏನ್ ಮಾಡ್ತೀಯಾ? ಹಿಂದಿನಿಂದಲೇ ತಗೊಂಬಾ. ಏಣಿ ನಾನ್ ಹಿಡ್ಕೋತೀನಿ.”

ಉರಿಬಿಸಿಲಿನಲ್ಲಿ ಮಧ್ಯಾಹ್ನವಿಡೀ ಏಣಿ ಹಿಡಿದು ನಿಂತರು. ಹಿಂದಿನ ಮನೆಯವರನ್ನು ಒಪ್ಪಿಸಿದವರೂ ಅವರೇ.

ಕೆಲವು ತಿಂಗಳ ಮೇಲೆ, ಬೆಳಿಗ್ಗೆ ಹನ್ನೊಂದರ ಹೊತ್ತು, ಹೆರಿಗೆ ಆಸ್ಪತ್ರೆಯೊಂದರಿಂದ ಕರೆ ಬಂತು. ಕಿವಿ ಕೇಳದ ಹುಡುಗಿ, ಚೊಚ್ಚಲ ಹೆರಿಗೆ. ಹೊಟ್ಟೆಯಲ್ಲಿದ್ದ ಮಗುವಿನ ಎದೆಬಡಿತ ಇಳಿಯುತ್ತಿತ್ತು. ಕೂಡಲೇ ಆಪರೇಷನ್ ಆಗಬೇಕು ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ಸುತ್ತ ಅಷ್ಟು ಜನ ಓಡಾಡುತ್ತಿದ್ದರೂ ಏನೆಂದು ತಿಳಿಯದೆ ಆ ಹುಡುಗಿ ಮಂಚದ ಸರಳು ಹಿಡಿದು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. ನಾನು ಸನ್ನೆ ಆರಂಭಿಸಿದೆ. ಅವಳ ಕಣ್ಣು ನನ್ನ ಕೈಗೆ ನೆಟ್ಟಿತು.

ಅಷ್ಟರಲ್ಲಿ ಹೊರಗೆ ಜೆಸಿಬಿಯ ಸದ್ದು, ಯಾರೋ ಕೂಗಿದ್ದು. ಪರದೆಯಲ್ಲಿ ಅವಳ ಮುಖ ಹಾಗೇ ನಿಂತುಬಿಟ್ಟಿತು. ನನ್ನ ಕೈ ಗಾಳಿಯಲ್ಲೇ ಉಳಿಯಿತು. ಒಂದು, ಎರಡು, ಮೂರು ಎಂದು ಎಣಿಸಿದೆ. ಐದಕ್ಕೆ ಆ ಮುಖ ಅಲುಗಿತು. ಅವಳು ಕೇಳುತ್ತಿದ್ದಳು: ‘ಮಗು ಬದುಕಿದೆಯಾ?’

‘ಬದುಕಿದೆ. ಬೇಗ ಹೊರಗೆ ತೆಗೆಯಬೇಕು. ನಿನಗೆ ಎಚ್ಚರ ಇರುತ್ತದೆ, ನೋವಿರುವುದಿಲ್ಲ. ನಾನು ಇಲ್ಲೇ ಇರುತ್ತೇನೆ.’

ಒಪ್ಪಿದಳು. ಆಪರೇಷನ್ ನಡೆಯುವಷ್ಟು ಹೊತ್ತೂ ನರ್ಸೊಬ್ಬರು ಫೋನನ್ನು ಅವಳ ಮುಖದ ಹತ್ತಿರ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ನನ್ನ ಕೋಣೆ ತುಂಬ ಮಗುವಿನ ಅಳು. ಅವಳು ಮೆಲ್ಲಗೆ ಒಂದು ಕೈ ಎತ್ತಿ ಕೇಳಿದಳು: ‘ಅಳುತ್ತಿದೆಯಾ?’

‘ಜೋರಾಗಿ,’ ಎಂದೆ. ‘ಹೆಣ್ಣು.’

ಕರೆ ಮುಗಿಸಿ ಹೊರಗೆ ಓಡಿದರೆ, ಚರಂಡಿ ಅಗೆಯುತ್ತಿದ್ದ ಜೆಸಿಬಿಗೆ ಅಡ್ಡವಾಗಿ ಚಾಚಾ ನಿಂತಿದ್ದರು. ಮುಂದಿನ ಕಂಬ ವಾಲಿಕೊಂಡಿತ್ತು. ತುಂಡಾದ ಕೇಬಲ್ಲಿನ ಎರಡು ತುದಿಗಳೂ ಅವರ ಕೈಯಲ್ಲಿ. ಮುಖ ಬಿಳಿಚಿಕೊಂಡಿತ್ತು.

“ಹೋಯ್ತಾ ಬೇಟಿ?”

“ಇಲ್ಲ ಚಾಚಾ. ಐದು ಸೆಕೆಂಡಿಗೆ ಬಂತು. ತಾಯಿ, ಮಗು ಇಬ್ರೂ ಚೆನ್ನಾಗಿದ್ದಾರೆ.”

ಅವರು ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತು ಕಣ್ಣು ಒರೆಸಿಕೊಂಡರು. ಆಮೇಲೆ ತಟ್ಟನೆ ತಲೆಯೆತ್ತಿ, “ಐದು ಯಾಕೆ? ಮೂರಕ್ಕೆ ಬರ್ಬೇಕಿತ್ತಲ್ಲ!” ಎಂದು ಕೇಬಲ್ಲನ್ನು ಅಲ್ಲೇ ಬಿಟ್ಟು, ಪೆಟ್ಟಿಗೆ ನೋಡಲು ನಮ್ಮ ಮನೆಯೊಳಗೆ ನುಗ್ಗಿದರು.

ಅಂದು ಸಂಜೆ ಅಮ್ಮ ಅವರಿಗೊಂದು ಹೆಸರಿಟ್ಟಳು. ಕಿವಿ ಕೇಳದವರು ತಮ್ಮವರು ಅನ್ನಿಸಿದವರಿಗೆ ಮಾತ್ರ ಇಡುವ ಸನ್ನೆಯ ಹೆಸರು. ಎರಡು ಮುಷ್ಟಿ, ಒಂದರ ಮೇಲೊಂದು, ಕಂಬ ಹತ್ತುವ ಹಾಗೆ. ಯಶವಂತಪುರದಲ್ಲಿ ಅಮ್ಮನ ಗೆಳತಿಯರು ಸೇರುವ ಕಡೆಯೆಲ್ಲ ಆ ಹೆಸರು ಹಬ್ಬಿ, ಹೆರಿಗೆಯಾದ ಆ ಹುಡುಗಿಯವರೆಗೂ ಮುಟ್ಟಿತು. ಚಾಚಾ ಅದನ್ನು ಪದವಿಯ ಹಾಗೆ ಮೆರೆಸಿಕೊಂಡು ಓಡಾಡಿದರು.

ಹೋದ ವರ್ಷ ಒಂದು ಬೆಳಿಗ್ಗೆ, ನಮಾಜ್ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಆ ಹುಡುಗಿ ಮಗಳನ್ನು ಎತ್ತಿಕೊಂಡು ಬಂದು, ಚಾಚಿಯ ಮುಂದೆ ಎರಡು ಮುಷ್ಟಿ ಹತ್ತಿಸಿ ತೋರಿಸಿ ಅತ್ತಳು. ಇವರೂ ಹೀಗೇ ಮಾಡ್ಕೊಂಡು ಓಡಾಡ್ತಿದ್ರಲ್ಲ, ಅದು ಏನು ಎಂದು ಚಾಚಿ ಕೇಳಿದರು. ಅವರ ಹೆಸರು ಎಂದೆ.

ಚಾಚಿ ಮದುವೆಯಾದಂದಿನಿಂದ ಗಂಡನ ಹೆಸರನ್ನು ಬಾಯಲ್ಲಿ ಹೇಳಿದವರಲ್ಲ. ಯಾರಾದರೂ ಕೇಳಿದರೆ ‘ಇವರು’, ‘ನಿಮ್ ಚಾಚಾ’, ಅಷ್ಟೆ. ಈಗ ಮಧ್ಯಾಹ್ನ ಅಮ್ಮನೂ ಅವರೂ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಾರೆ. ನಡುನಡುವೆ ಚಾಚಿ ಕೈ ಒರೆಸಿಕೊಂಡು, ಆಚೀಚೆ ಒಮ್ಮೆ ನೋಡಿ, ಹೊಸ ಮದುವಣಗಿತ್ತಿಯ ಹಾಗೆ ನಾಚಿಕೊಂಡು, ಎರಡು ಮುಷ್ಟಿಯನ್ನು ಒಂದರ ಮೇಲೊಂದು ಹತ್ತಿಸುತ್ತಾರೆ. ಆಮೇಲೆ ಅವರ ಬಗ್ಗೆ ಏನೋ ಒಂದು ದೂರು ಹೇಳುತ್ತಾರೆ. ಇಬ್ಬರೂ ನಗುತ್ತಾರೆ.