ಲ್ಯಾಬ್ ಮೇಷ್ಟ್ರು ನನ್ನಿಂದ ಹೇಳಿಸಿದ ಮಾತು

ಲ್ಯಾಬ್ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಸದಾ ಸೀಳಿರುತ್ತಿತ್ತು. ಜೇಬಿನಲ್ಲಿ ಸ್ಕ್ರೂಡ್ರೈವರ್ ಇದ್ದರೂ ಕಂಪ್ಯೂಟರಿನ ಡಬ್ಬ ಬಿಚ್ಚುವಾಗ ಮೊದಲು ಉಗುರನ್ನೇ ಹಾಕುವವರು. ಒಳಗಿನ ಧೂಳನ್ನು ಬಾಯಿಂದ ಊದಿ, ಮೀಸೆಯೆಲ್ಲ ಬೂದಿ ಬಣ್ಣವಾದ ಮೇಲೆ, “ಸ್ವಲ್ಪ ಚಹಾ ಮಾಡ್ರಿ ಅಕ್ಕಾರ, ಗಂಟ್ಲಾಗ ಧೂಳ ಹೋತು” ಎನ್ನುವರು.

ಬಾಗಲಕೋಟೆ ಕಡೆಯವರು. ಯಲಹಂಕದಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ. ಪುಟ್ಟೇನಹಳ್ಳಿಯಲ್ಲಿ ನಮ್ಮ ಎದುರು ಮನೆಯಲ್ಲಿ ಹೆಂಡತಿ, ಒಬ್ಬಳೇ ಮಗಳೊಂದಿಗೆ ಬಾಡಿಗೆಗಿದ್ದರು. ಶಾಲೆಗಳು ಮುಚ್ಚಿ ಪಾಠವೆಲ್ಲ ಮನೆಯ ಕಂಪ್ಯೂಟರಿಗೆ ಬಂದ ವರ್ಷ, ನಮ್ಮ ರಸ್ತೆಯ ಅಷ್ಟೂ ಮನೆಗಳಿಗೆ ಅವರೇ ದಿಕ್ಕು. ನನ್ನ ಮಗಳ ಕೋಣೆಯಲ್ಲಿ ಇಟ್ಟಿದ್ದ ಕಂಪ್ಯೂಟರನ್ನು ನಮ್ಮಿಂದಲೇ ಹೊರಿಸಿಕೊಂಡು ಬಂದು ನಡುಮನೆಯಲ್ಲಿ ಇಡಿಸಿದರು. ಅಡುಗೆಮನೆಯಲ್ಲಿ ನಿಂತರೆ ಪರದೆ ಕಾಣುತ್ತದೆಯೇ ಎಂದು ಸ್ವತಃ ಒಲೆಯ ಮುಂದೆ ನಿಂತು ನೋಡಿದರು. ಕ್ಯಾಮೆರಾದ ಕಣ್ಣಿಗೆ ಗಾಯದ ಪಟ್ಟಿ ಅಂಟಿಸಿ, ಪಾಠದ ಹೊತ್ತಿಗೆ ಮಾತ್ರ ತೆಗೆಯಬೇಕೆಂದರು. ಗುರುತಿಲ್ಲದವರಿಗೆ ಹೆಸರು, ಶಾಲೆ, ಫೋಟೊ ಯಾವುದನ್ನೂ ಕೊಡಬಾರದೆಂದು, ಆಗ ಮೂರನೇ ಕ್ಲಾಸಿನಲ್ಲಿದ್ದ ನನ್ನ ಮಗಳ ಬಾಯಲ್ಲಿ ಮಗ್ಗಿಯಂತೆ ಹೇಳಿಸಿದರು. ಎಲ್ಲ ಮನೆಯಲ್ಲೂ ಹೀಗೇ. ಕೆಲವರು ಹಿಂದಿನಿಂದ ನಗುತ್ತಿದ್ದರು. ಮೇಷ್ಟ್ರಿಗದು ಗೊತ್ತಿತ್ತು, ಆದರೂ ಬಂದೇ ಬರುತ್ತಿದ್ದರು.

ಅವರ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಳು. ಮೆಲುಮಾತಿನ ಹುಡುಗಿ, ಚೆನ್ನಾಗಿ ಚಿತ್ರ ಬಿಡಿಸುತ್ತಿದ್ದಳು. ಅವರೆಕಾಯಿ ಕಾಲದ ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಬಂದು, ನಾನು ಕಾಯಿ ಸುಲಿಯುತ್ತಿದ್ದುದನ್ನು ನೋಡಿ ತಾನೂ ಮೊರದ ಮುಂದೆ ಕೂತಳು. ಅರ್ಧ ಮೊರ ತುಂಬುವಷ್ಟು ಸುಲಿದಳು. ಆಮೇಲೆ, ಯಾರದೋ ಫೋಟೊ ಇಂಟರ್‌ನೆಟ್ಟಿನಲ್ಲಿ ಬೇರೆಯವರ ಕೈಗೆ ಸಿಕ್ಕರೆ ಅದನ್ನು ಅಳಿಸಲು ಆಗುತ್ತದೆಯೇ ಎಂದು ಕೇಳಿದಳು. ಯಾರದಮ್ಮ ಎಂದೆ. ಫ್ರೆಂಡ್‌ದು ಎಂದಳು.

“ನನ್ನ ಕೇಳ್ತೀಯಲ್ಲ, ನಿಮ್ಮಪ್ಪಂಗಿಂತ ಗೊತ್ತಿರೋರು ಯಾರಿದ್ದಾರೆ? ಅವರ್ನೇ ಕೇಳು” ಎಂದು ನಕ್ಕುಬಿಟ್ಟೆ.

ಅವಳು ಹೂಂ ಎಂದಳು. ಉಳಿದ ಕಾಯಿಯನ್ನೆಲ್ಲ ಸುಲಿದಿಟ್ಟೇ ಹೋದಳು. ಸಂಜೆಯ ಹೊತ್ತಿಗೆ ನಾನದನ್ನು ಮರೆತಿದ್ದೆ.

ತಿಂಗಳಾಗುವಷ್ಟರಲ್ಲಿ ಮೇಷ್ಟ್ರನ್ನು ಶಾಲೆಯವರು ಕರೆಸಿದರು. ಚಿತ್ರ ಬಿಡಿಸುವ ಮಕ್ಕಳು ಸೇರುವ ಯಾವುದೋ ತಾಣದಲ್ಲಿ, ಮೈಸೂರಿನ ಅವಳದೇ ವಯಸ್ಸಿನ ಹುಡುಗಿ ಎಂದು ಹೇಳಿಕೊಂಡು ಒಬ್ಬರು ಅವಳ ಸ್ನೇಹ ಬೆಳೆಸಿದ್ದರು. ಹಬ್ಬದ ದಿನ ಲಂಗ ತೊಟ್ಟ ಒಂದು ಫೋಟೊ ಇವಳು ಕಳಿಸಿದ್ದಳು, ಅಷ್ಟೇ. ಅದರಿಂದ ಮುಖ ಕತ್ತರಿಸಿ ಹೇಸಿಗೆಯ ಚಿತ್ರವೊಂದಕ್ಕೆ ಅಂಟಿಸಿ, ಇನ್ನಷ್ಟು ಫೋಟೊ ಕಳಿಸು ಎಂದು ವಾರಗಟ್ಟಲೆ ಹೆದರಿಸಿದ್ದರು. ಇವಳು ಕಳಿಸಲಿಲ್ಲ. ಆ ಚಿತ್ರ ಅವಳ ತರಗತಿಯವರ ಫೋನುಗಳಿಗೆ ಬಂತು.

ಮೇಷ್ಟ್ರು ಪೊಲೀಸರಿಗೆ ದೂರು ಕೊಟ್ಟರು. ಅವರು ಎಲ್ಲವನ್ನೂ ಬರೆದುಕೊಂಡರು. ಆ ಹೆಸರು, ಊರು, ಖಾತೆ ಎಲ್ಲವೂ ಸುಳ್ಳು. ಜಾಡು ಎಲ್ಲಿಗೂ ಮುಟ್ಟಲಿಲ್ಲ. ಹುಡುಗಿ ಶಾಲೆ ಬಿಟ್ಟಳು. ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ತಾಯಿ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನು ಆಕೆ ನನ್ನ ಮುಂದೆ ಅಳುತ್ತ ಹೇಳಿದರು: “ಅಪ್ಪ ಊರ ಮಂದಿಗೆಲ್ಲ ಬುದ್ಧಿ ಹೇಳ್ತಾನ. ನನಗ ಹಿಂಗಾತು ಅಂತ ಹೆಂಗ ಹೇಳ್ಲಿ?”

ರಸ್ತೆಯಲ್ಲಿ ಮೇಷ್ಟ್ರ ಮನೆಯಲ್ಲೇ ಹೀಗಾಯಿತಂತೆ ಎಂಬ ಮಾತು ಹಬ್ಬಿತು. ಕಂಪ್ಯೂಟರ್ ಕೆಟ್ಟರೂ ಯಾರೂ ಅವರನ್ನು ಕರೆಯಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಕರೆಯದೆಯೇ ಬಂದರು. ಕೈಯಲ್ಲಿ ಏನೂ ಇರಲಿಲ್ಲ. ಚಹಾ ಬೇಡವೆಂದರು. ನನ್ನ ಮಗಳನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ನನಗೆ ಹೇಳಿದರು: “ಅಕ್ಕಾರ, ಇಕಿ ಏನ ತಪ್ಪು ಮಾಡ್ಲಿ, ಬಂದು ಹೇಳಿದ್ರ ಬೈಯೂದಿಲ್ಲ ಅಂತ ಇಕಿ ಮುಂದ ಹೇಳ್ರಿ.”

ಹೇಳಿದೆ. ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ.

“ಎಲ್ಲಾರ ಮನ್ಯಾಗೂ ಎಲ್ಲಾ ಹೇಳಿಕೊಟ್ಟೆ” ಎಂದರು. “ಇದೊಂದು ನನ್ನ ಮನ್ಯಾಗ ಹೇಳ್ಲಿಲ್ಲ.”

ಆ ಶನಿವಾರದ ವಿಷಯ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿಮ್ಮ ಮಗಳು ನನ್ನ ಹತ್ತಿರ ಬಂದಿದ್ದಳು, ನಾನು ನಕ್ಕು ಕಳಿಸಿದೆ ಎನ್ನಬೇಕಿತ್ತು. ಹೇಳಲಿಲ್ಲ. ಅವರು ಎದ್ದು ಪಕ್ಕದ ಮನೆಗೆ ಹೋದರು. ಆ ದಿನ ಅವರು ಎಷ್ಟೋ ಬಾಗಿಲು ತಟ್ಟಿದರು. ಒಳಗೆ ಟಿವಿ ಓಡುತ್ತಿದ್ದರೂ ಎರಡು ಮೂರು ಮನೆಯವರು ತೆರೆಯಲಿಲ್ಲ.

ಬೇಸಿಗೆ ಮುಗಿಯುವ ಮುಂಚೆ ಮನೆ ಖಾಲಿ ಮಾಡಿ ಬಾಗಲಕೋಟೆಗೆ ಹೋದರು. ನನ್ನ ಮಗಳು ಏಳನೇ ಕ್ಲಾಸಿಗೆ ಬಂದ ಮೇಲೆ ಒಂದು ಸಂಜೆ, ಆಟದಲ್ಲಿ ಪರಿಚಯವಾದ ಯಾರೋ ಫೋಟೊ ಕೇಳುತ್ತಿದ್ದಾರೆ, ಒಂದನ್ನು ಕಳಿಸಿಯೂ ಬಿಟ್ಟಿದ್ದೇನೆ ಎಂದು ಬಂದು ಹೇಳಿದಳು. ನಾನು ಬೈಯಲಿಲ್ಲ. ಅಂದೇ ದೂರು ಕೊಟ್ಟೆವು, ಆ ಕಾಟ ಅಲ್ಲಿಗೇ ನಿಂತಿತು. ಮೇಷ್ಟ್ರಿಗೆ ಫೋನು ಮಾಡಿ ಇದನ್ನೂ, ಆ ಹಳೆಯದನ್ನೂ ಹೇಳಬೇಕೆಂದುಕೊಂಡೆ. ನಾಳೆ ನಾಳೆ ಎಂದು ದಿನ ದೂಡಿದೆ. ಅಷ್ಟರಲ್ಲಿ ಅವರ ಹೆಂಡತಿಯಿಂದಲೇ ಫೋನು ಬಂತು. ಎದೆನೋವು ಎಂದು ಕೂತವರು ಏಳಲಿಲ್ಲವಂತೆ.

ನಾನು ತಲುಪುವಾಗ ಮಣ್ಣು ಮಾಡಿ ಎರಡು ದಿನವಾಗಿತ್ತು. ಮಣ್ಣಿಗೆ ಬಂದವರಲ್ಲಿ ಯಾರೋ ಕಡೆಯ ದರ್ಶನದ ಫೋಟೊಗೆಂದು ಫೋನು ಎತ್ತಿದಾಗ ಹುಡುಗಿ ಎದ್ದು ಒಳಗೆ ಹೋದವಳು, ಹೆಣ ಎತ್ತುವವರೆಗೂ ಹೊರಗೆ ಬರಲಿಲ್ಲವೆಂದು ತಾಯಿ ಹೇಳಿದರು. ಈಗಲೂ ಮನೆಯಿಂದ ಹೊರಗೆ ಕಾಲಿಡುವುದಿಲ್ಲವಂತೆ. ಚಿತ್ರ ಬಿಡಿಸುವುದನ್ನು ಎಂದೋ ಬಿಟ್ಟಿದ್ದಾಳೆ.

ಅವಳೇ ನನಗೆ ನೀರು ತಂದುಕೊಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೇಗೋ ಹೇಳಿದೆ: ಆವತ್ತು ನಾನು ಕೇಳಿಸಿಕೊಳ್ಳಬೇಕಿತ್ತು, ನಿಮ್ಮಪ್ಪನಿಗೂ ಹೇಳದೆ ಮುಚ್ಚಿಟ್ಟೆ.

ಅವಳು ಲೋಟ ವಾಪಸು ತೆಗೆದುಕೊಂಡಳು.

“ಅಪ್ಪಗ ಗೊತ್ತಿತ್ರಿ ಆಂಟಿ. ಎಲ್ಲಾ ಆದ ಮ್ಯಾಲ ಒಂದ ರಾತ್ರಿ, ನಿಮ್ಮ ಮನಿಗೆ ಬಂದಿದ್ದು ನಾನ ಹೇಳಿದ್ದೆ. ಮರುದಿನ ಭಾನುವಾರ ಎದ್ದವನ, ಮೊದಲ ನಿಮ್ಮ ಮನಿಗೇ ಬಂದ.”