ಕುಶಲಕ್ಕನಿಗೆ ಸೊಪ್ಪು ಹಾಕದ ಕಡಸು

ಎರ್ಮಾಳಿನ ಕುಶಲಕ್ಕ ಶಾಲೆಯಲ್ಲಿ ಕಲಿತದ್ದು ಮೂರನೇ ಕ್ಲಾಸು. ಉಳಿದದ್ದನ್ನೆಲ್ಲ ದನದ ಹಟ್ಟಿಯಲ್ಲಿ ಕಲಿತವಳು. ಗಬ್ಬದ ಹಸುವಿನ ಬಾಲದ ಬುಡ ಒತ್ತಿ ನೋಡಿ, ನಾಳೆ ಮಧ್ಯಾಹ್ನದೊಳಗೆ ಕರು ಹಾಕುತ್ತದೆ ಎಂದರೆ ಹಸು ಅವಳ ಮಾತು ಮೀರುತ್ತಿರಲಿಲ್ಲ. ಚೊಚ್ಚಲ ಕಡಸಾದರಂತೂ ಹೆಜಮಾಡಿಯಿಂದ ಕಾಪುವಿನ ತನಕ ಅವಳಿಗೇ ಕರೆ. ಮೊದಲ ಸಲ ಕರು ಹಾಕುವ ಕಡಸಿಗೆ ತನಗೇನಾಯಿತೆಂದೇ ತಿಳಿಯುವುದಿಲ್ಲ. ಕಾಲಬುಡದಲ್ಲಿ ಒದ್ದಾಡುವ ಒದ್ದೆ ಪ್ರಾಣಿಯನ್ನು ಕಂಡು ಹೆದರಿ ಒದೆಯುತ್ತದೆ. ಅಂಥದ್ದನ್ನು ಕಾಲಿಗೆ ಹಗ್ಗ ಹಾಕದೆ, ಬರೀ ಕೈಯಿಂದ ತಡವಿ ನಿಲ್ಲಿಸುವವಳು ತಾನೊಬ್ಬಳೇ ಎಂಬ ಜಂಬ ಅವಳಿಗಿತ್ತು. ಇರಬೇಕಾದದ್ದೇ.

ಆ ಜಂಬಕ್ಕೆ ಕೊಂಬಿನಿಂದ ತಿವಿದದ್ದು ಉದ್ಯಾವರದ ಬರ್ತಾ ಬಾಯಿಯ ಕಡಸು. ಎರಡು ಸಾವಿರದ ಒಂದನೇ ಇಸವಿಯ ದೀಪಾವಳಿಯ ಹೊತ್ತಿಗೆ, ಆರು ತಿಂಗಳ ಗಬ್ಬವಿರುವಾಗ ಕುಶಲಕ್ಕ ಅದನ್ನು ಕೊಂಡು ತಂದಳು. ಅಲ್ಲಿ ಅದರ ಹೆಸರು ರೋಸಿ. ಇಲ್ಲಿ ಕಾವೇರಿ ಎಂದು ಕರೆದರೆ ಕಿವಿ ಕೂಡ ಆಡಿಸಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಒಂಬತ್ತಕ್ಕೆ ಕರು ಬಿತ್ತು. ಹಣೆಯಲ್ಲಿ ಬಿಳಿ ಬೊಟ್ಟಿನ ಹೆಣ್ಣು ಕರು. ಕುಶಲಕ್ಕ ಅದರ ಮೂಗು ಬಾಯಿ ಒರೆಸಿ, ತಾಯಿ ನೆಕ್ಕಲೆಂದು ಮೈಮೇಲೆ ಉಪ್ಪು, ಬೂಸ ಉದುರಿಸಿದಳು. ಕಡಸು ಬೂಸ ತಿಂದು ಕರುವನ್ನು ಒದೆಯಿತು. ಗಿಣ್ಣುಹಾಲು ಕರೆದು ಕುಡಿಸೋಣವೆಂದರೆ ಚೆಂಬು ಹಾರಿ, ಕಾಂಪೌಂಡ್ ಗೋಡೆಯಾಚೆ ನಿಂತು ನೋಡುತ್ತಿದ್ದ ಹೆಂಗಸರ ನಡುವೆ ಬಿತ್ತು. ಹತ್ತು ಗಂಟೆಯಾಯಿತು. ಕರುವಿನ ಕಾಲು ನಡುಗತೊಡಗಿತು. ಇನ್ನೊಂದು ಗಂಟೆಯೊಳಗೆ ಗಿಣ್ಣು ಹೊಟ್ಟೆಗೆ ಹೋಗದಿದ್ದರೆ ಅದು ಏಳುವುದು ಕಷ್ಟವೆಂದು ಕುಶಲಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೋಡೆಯಾಚೆಯಿಂದ ಹಗ್ಗ ಕಟ್ಟುವ ಸಲಹೆ ಬಂತು. ಮೊದಲ ದಿನ ಹಗ್ಗ ಕಂಡ ಕಡಸು ಜನ್ಮದಲ್ಲಿ ನೆಟ್ಟಗೆ ಹಾಲು ಕೊಡುವುದಿಲ್ಲ ಎಂದು ಬೈದು, ಅವಳು ಒಳಗೆ ಹೋಗಿ ಬರ್ತಾ ಬಾಯಿಗೆ ಫೋನು ಮಾಡಿದಳು. ಇನ್ನೊಬ್ಬರನ್ನು ಕೇಳಲು ಅವಳು ಫೋನು ಎತ್ತಿದ್ದು ಅದೇ ಮೊದಲು.

ಬರ್ತಾ ಬಾಯಿ ಕಾರ್ಕಳಕ್ಕೆ ಹೋಗಿದ್ದರು. ಸೊಸೆ ಸೆಲೀನ್ ಹೇಳಿದಳು: ನಮ್ಮ ಹಟ್ಟಿ ಜಗುಲಿಗೆ ಅಂಟಿಕೊಂಡೇ ಉಂಟು, ಅತ್ತೆ ಹಾಲು ಕರೆಯುತ್ತ ಸಂಜೆಯ ಜಪಮಾಲೆ ಪ್ರಾರ್ಥನೆ ಹೇಳುತ್ತಾರೆ, ಜಗುಲಿಯಿಂದ ಉಳಿದವರು ದನಿಗೂಡಿಸುತ್ತಾರೆ, ಒಂದೇ ರಾಗ, ಅರ್ಧ ಗಂಟೆ. ರೋಸಿ ಹುಟ್ಟಿದಂದಿನಿಂದ ಅದನ್ನು ಕೇಳಿಕೊಂಡೇ ನಿಂತದ್ದು.

ಎರ್ಮಾಳಿನ ಆ ಹಟ್ಟಿಯಲ್ಲಿ ಕ್ರೈಸ್ತರ ಜಪಮಾಲೆ ಯಾರಿಗೆ ಬರುತ್ತದೆ? ಗೋಡೆಯಾಚೆಯ ಹೆಂಗಸರು ಭಜನೆ ಎತ್ತಿದರು. ರಾಗ ಮೇಲಕ್ಕೇರಿದಲ್ಲೆಲ್ಲ ಕಡಸಿನ ಕಾಲೂ ಮೇಲಕ್ಕೇರಿತು. ಏರದ, ಇಳಿಯದ, ನಿಲ್ಲದ ದನಿ ಬೇಕು. ಕುಶಲಕ್ಕನ ಕಣ್ಣು ಗಂಡನ ಮೇಲೆ ಬಿತ್ತು. ಸುಂದರಣ್ಣ ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವನು. ದನವೆಂದರೆ ಹೆದರಿಕೆ, ಹಟ್ಟಿಯ ಹೊಸ್ತಿಲು ದಾಟಿದವನಲ್ಲ.

"ಇದಾ, ನಿಮ್ಮ ಬಸ್ಸು ಬಿಡಿ," ಎಂದಳು.

"ಎಂತ ಬಸ್ಸು ಮಾರಾಯ್ತಿ?"

"ಮಂಗಳೂರಿನಿಂದ ಉಡುಪಿಗೆ. ಎಕ್ಸ್‌ಪ್ರೆಸ್ ಬೇಡ, ಎಲ್ಲ ಕಡೆ ನಿಲ್ಲುವುದು."

ಸುಂದರಣ್ಣ ಹೊಸ್ತಿಲಲ್ಲೇ ನಿಂತು, ಕಂಬ ಹಿಡಿದು, ಕಣ್ಣು ಮುಚ್ಚಿ, ಒಂದೇ ರಾಗದಲ್ಲಿ ಶುರುಮಾಡಿದ. ಕೂಳೂರು, ಪಣಂಬೂರು, ಸುರತ್ಕಲ್, ಹಳೆಯಂಗಡಿ, ಮುಲ್ಕಿ. ಪಡುಬಿದ್ರಿಗೆ ಬರುವಾಗ ಕಡಸಿನ ಕಿವಿ ಜೋತುಬಿತ್ತು. ಉಚ್ಚಿಲ, ಮೂಳೂರು, ಕಾಪು. ಗೋಡೆಯಾಚೆಯವರು ಪ್ರತಿ ಊರಿಗೂ ಒಟ್ಟಾಗಿ "ರೈಟ್" ಅನ್ನತೊಡಗಿದರು. ಕುಶಲಕ್ಕ ಕರುವನ್ನು ಎತ್ತಿ ಕೆಚ್ಚಲಿಗೆ ಹಿಡಿದಳು. ಕಟಪಾಡಿಯಲ್ಲಿ ಅದು ಮೊಲೆ ಕಚ್ಚಿತು. ಉಡುಪಿ ತಲುಪಿದ ಸುಂದರಣ್ಣ ಉಸಿರುಬಿಡಲು ನಿಂತ. ಕಡಸು ಕಾಲೆತ್ತಿತು.

"ಹಿಂದೆ ತಿರುಗಿಸಿ, ಹಿಂದೆ ತಿರುಗಿಸಿ," ಎಂದಳು ಕುಶಲಕ್ಕ. ನಗು ತಡೆಯಲಾಗದೆ ಅವಳ ಮೈಯೆಲ್ಲ ಕುಲುಕುತ್ತಿತ್ತು. ಕೈ ಮಾತ್ರ ಕರುವಿನ ಹೊಟ್ಟೆಯಡಿಯಲ್ಲಿ ಗಟ್ಟಿಯಾಗಿತ್ತು.

ಬಸ್ಸು ಮಂಗಳೂರಿಗೆ ಹೊರಟಿತು. ಸುರತ್ಕಲ್ ದಾಟುವಾಗ ಕರು ಮೊಲೆ ಬಿಟ್ಟು, ತುಟಿಯ ತುಂಬ ಹಳದಿ ನೊರೆಯೊಂದಿಗೆ ತನ್ನ ಕಾಲ ಮೇಲೆ ತಾನೇ ನಿಂತಿತು. ರೋಸಿ ಕತ್ತು ತಿರುಗಿಸಿ ಅದನ್ನು ಮೂಸಿ ನೋಡಿತು, ಆಮೇಲೆ ನೆಕ್ಕಿತು. ಬೂಸವೆಲ್ಲ ಖಾಲಿಯಾದ ಮೇಲೂ ನೆಕ್ಕಿತು.